ಹಸನಾದ ಹೊಲ

ಒಂದು ಕೈಯಲ್ಲಿ ಮೂಗಿಗೆ ಕರ್ಚೀಫು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಇಲ್ಲದ ಮೊಬೈಲನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ತಂಗಿ ಅಕ್ಕನ ಅಡುಗೆಮನೆಯ ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಂತಿದ್ದಳು. ಹೊಸ್ತಿಲು ಬದುವಾಗಿತ್ತು, ಅಡುಗೆಮನೆ ಅವಳ ಕೋಸಿನ ಹೊಲವಾಗಿತ್ತು. ಬೆಳೆನಷ್ಟದ ಸಮೀಕ್ಷೆಗೆ ಬಂದ ಮನುಷ್ಯ ಹೊಲಕ್ಕೆ ಇಳಿಯದೆಯೇ ನಷ್ಟ ಅಳೆದು ಹೋದದ್ದನ್ನು ಅವಳು ಮಾಡಿ ತೋರಿಸುತ್ತಿದ್ದಳು.

"ಪೂರ್ತಿ ಹೋಗಿದೆ ಅಲ್ವೇದಬ್ಬಾ? ಪೂರ್ತಿ ಅಂತಾದೇ ಬರ್ಕೊಳ್ತೀದಿ."

ಕಟ್ಟಿದ ಮೂಗಿನಿಂದ ಬಂದ ಆ ದನಿಗೆ ಭಾವ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಭಾವ ಬಸ್ ಕಂಡಕ್ಟರು. ದಿನಕ್ಕೆ ನಾನೂರು ಮುಖ ನೋಡಿ ನಾನೂರರ ಮೇಲೂ ಬೇಸರಪಟ್ಟು ಮನೆಗೆ ಬರುವವನು; ಆಲಿಕಲ್ಲು ಮಳೆ ಬಿದ್ದ ಮೇಲೆ ಒಂದು ಸಲವೂ ನಕ್ಕಿರಲಿಲ್ಲ. ಈಗ ಕೆಮ್ಮುತ್ತ, ಎದೆ ಒತ್ತಿಕೊಳ್ಳುತ್ತ ನಗುತ್ತಿದ್ದ. ಪಾತ್ರೆ ತೊಳೆಯುತ್ತಿದ್ದ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ತಂಗಿಯ ಮೂಗಿನ ಮೇಲಿದ್ದ ಕರ್ಚೀಫು ತನ್ನದು, ಈಗಷ್ಟೇ ನಾಲ್ಕು ಮಡಿಕೆ ಮಾಡಿ ಇಟ್ಟದ್ದು ಎಂಬುದನ್ನು ಅವಳು ಗಮನಿಸಿದ್ದಳು.

ಇಬ್ಬರ ಹೊಲಗಳೂ ಮೊದಲು ಒಂದೇ ಹೊಲ. ಅಪ್ಪ ಸಾಯುವ ಮುಂಚೆ ನಡುವೆ ಒಂದು ಬದು ಎಳೆದು, ಇತ್ತ ದೊಡ್ಡವಳದ್ದು, ಅತ್ತ ಚಿಕ್ಕವಳದ್ದು ಅಂದಿದ್ದ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಯಾರದಾದರೂ ಬೆಳೆ ತುಳಿಯಲೇಬೇಕು, ಅಷ್ಟು ಸಪೂರ ಬದು. ಈ ಸಲ ಇಬ್ಬರೂ ಒಂದೇ ನರ್ಸರಿಯಿಂದ ಸಸಿ ತಂದು ಒಂದೇ ವಾರದಲ್ಲಿ ಕೋಸು ನೆಟ್ಟಿದ್ದರು. ಎಲೆ ಸುತ್ತಿ ಗೆಡ್ಡೆ ಬಿಗಿಯಾಗಿ ಇನ್ನೇನು ಕೊಯ್ಯಬೇಕು ಎನ್ನುವಾಗ ಒಂದು ಮಧ್ಯಾಹ್ನ ಕಾಲು ಗಂಟೆ ಆಲಿಕಲ್ಲು ಬಿತ್ತು. ಆಲಿಕಲ್ಲಿಗೆ ಬದು ಗೊತ್ತಿರಲಿಲ್ಲ. ಬದುವಿನ ಎರಡೂ ಕಡೆ ಒಂದೊಂದು ಗೆಡ್ಡೆಯೂ ಹೊಡೆತ ತಿಂದ ತಲೆಯ ಹಾಗೆ ಬಿರಿದು ಕೂತಿತು. ವಿಮೆ ಇಬ್ಬರಿಗೂ ಇರಲಿಲ್ಲ. ಕೋಸು ವಿಮೆಯ ಪಟ್ಟಿಯಲ್ಲೇ ಇಲ್ಲವೆಂದು ಬ್ಯಾಂಕಿನವರು ಮೂರು ವರ್ಷದ ಹಿಂದೆಯೇ ಅಕ್ಕನಿಗೆ ಹೇಳಿದ್ದರು. ಹೋಗಿ ಕೇಳಿ ಬಂದವಳು ಅಕ್ಕ. ಕೇಳದೆಯೇ ಅದೇ ಸ್ಥಿತಿಯಲ್ಲಿದ್ದವಳು ತಂಗಿ.

ಮೂರನೆಯ ದಿನ ಗೆಡ್ಡೆಗಳು ಕೊಳೆತು ನಾರತೊಡಗಿದವು. ಅಕ್ಕ ತಡ ಮಾಡಲಿಲ್ಲ. ಟಿಲ್ಲರ್ ಇಳಿಸಿ ಇಡೀ ಹೊಲ ಉತ್ತಳು. ಅಷ್ಟಕ್ಕೇ ಬಿಡದೆ ಕುಕ್ಕರುಗಾಲಲ್ಲಿ ಕೂತು ಬುಡಗಳನ್ನೆಲ್ಲ ಒಂದೊಂದಾಗಿ ಆಯ್ದು, ಬೇಲಿಯ ಮೂಲೆಯಲ್ಲಿ ಒಟ್ಟಿ, ಒಣಗಿಸಿ ಸುಟ್ಟಳು. ಆರನೆಯ ದಿನ ಬೀನ್ಸ್ ಬೀಜ ಊರಿದಳು. ಹಗ್ಗ ಕಟ್ಟಿ ಸಾಲು ಹಿಡಿಯುವುದು ಅವಳ ರೂಢಿ. ತಂಗಿ ಅವಳಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದಳು, ಬೀದಿಯವರೆಲ್ಲ ಅದನ್ನೇ ಹಿಡಿದರು; ಈಗ ಆ ಊರಿನಲ್ಲಿ ಸ್ತ್ರೀಯರು ಬಹಳ, ಇಸ್ತ್ರಿ ಒಬ್ಬಳೇ. ಅಕ್ಕನೂ ಸುಮ್ಮನಿರಲಾರದೆ ತಂಗಿಗೆ ನಾಳೆಯಮ್ಮ ಎಂದು ಹೆಸರು ಕೊಟ್ಟಿದ್ದಳು. ಅದು ಅಷ್ಟಾಗಿ ಅಂಟಲಿಲ್ಲ. ಅಂಟದ್ದರ ಬಗ್ಗೆಯೂ ಅಕ್ಕನಿಗೆ ಒಂದು ಸಣ್ಣ ನೋವಿತ್ತು.

ನಾಳೆಯಮ್ಮನ ಹೊಲ ಬಿದ್ದಲ್ಲೇ ಬಿದ್ದಿತ್ತು. ನೊಣ ಅಕ್ಕನ ಅಡುಗೆಮನೆವರೆಗೂ ಬಂದವು. ಅಕ್ಕ ಎರಡು ಸಲ ಹೇಳಿದಳು, ಮೂರನೆಯ ಸಲ ಬೈದಳು. ತಂಗಿ ಪ್ರತಿ ಸಲವೂ ನಾಳೆ ಅಂದಳು. ನಿನ್ನ ಟಿಲ್ಲರ್ ನಾಳೆ ತಗೊಂಡು ಹೋಗ್ತೀನಿ ಅಂದಳು. ಹದಿನೈದನೆಯ ದಿನಕ್ಕೆ ಸರ್ಕಾರದ ಪ್ರಕಟಣೆ ಬಂತು: ವಿಮೆಯಿಲ್ಲದ ಬೆಳೆಗೆ ಆದ ನಷ್ಟಕ್ಕೆ ಪರಿಹಾರವಿದೆ, ಕಣ್ಣಾರೆ ಕಂಡ ನಷ್ಟಕ್ಕೆ ಮಾತ್ರ. ಸಮೀಕ್ಷೆಯವನು ಮೊದಲು ತಂಗಿಯ ಹೊಲಕ್ಕೆ ಮುಖ ಮಾಡಿ ಬದುವಿನಲ್ಲಿ ನಿಂತು ಕರ್ಚೀಫು ತೆಗೆದ. ಆಮೇಲೆ ಅಕ್ಕನ ಹೊಲದ ಕಡೆ ತಿರುಗಿ, ಕರ್ಚೀಫು ಮಡಿಸಿ ಜೇಬಿಗಿಟ್ಟು, ಎರಡೆಲೆ ಬಿಟ್ಟು ಸಾಲಾಗಿ ನಿಂತಿದ್ದ ಬೀನ್ಸನ್ನು ನೋಡಿ ಮನಸಾರೆ ಮೆಚ್ಚಿಕೊಂಡ. ಹೀಗೆ ಬೆಳೆ ಇಡುವವರು ಈಗ ಕಡಿಮೆ ಅಂದ. ಕೋಸು ಇತ್ತು, ಉತ್ತುಬಿಟ್ಟೆ ಎಂದು ಅಕ್ಕ ವಿವರಿಸಿದಳು. ಇರಬಹುದಮ್ಮ, ಆದರೆ ನನ್ನ ಕಣ್ಣಿಗೆ ಕಾಣಬೇಕಲ್ಲ ಎಂದು ಅವನು ಮೊಬೈಲಿನಲ್ಲಿ ಏನೋ ಒತ್ತಿದ. ಹೆಗಲ ಮೇಲಿಂದ ಬಗ್ಗಿ ನೋಡಿದ ಅಕ್ಕನಿಗೆ ಕಂಡದ್ದು ಎರಡೇ ಪದ: ಬೆಳೆ ಉತ್ತಮ.

ಅದಾಗಿ ಹತ್ತು ದಿನವಾಗಿದ್ದರೂ ಆ ಎರಡು ಪದ ಅವಳ ಹೊಟ್ಟೆಯಲ್ಲಿ ಅರಗಿರಲಿಲ್ಲ. ದುಡ್ಡು ಬರಲಿಲ್ಲ ಎನ್ನುವುದು ಒಂದು. ಅದನ್ನು ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಶಾಲೆಯಲ್ಲಿ ಅವಳು ಒಂದು ವರ್ಷ ಮುಂಚೆ ಅಂಚು ಬಿಟ್ಟು, ಅಡಿಗೆರೆ ಹಾಕಿ ಬರೆದ ಲೆಕ್ಕವನ್ನು ತಂಗಿ ಬಸ್ಸು ಬರುವ ಹೊತ್ತಿಗೆ ತೊಡೆಯ ಮೇಲಿಟ್ಟುಕೊಂಡು ಕಾಪಿ ಹೊಡೆಯುತ್ತಿದ್ದಳು. ಮಸಿ ಚೆಲ್ಲಿದ ಆ ಹಾಳೆಗೂ ಹತ್ತಕ್ಕೆ ಹತ್ತು. ಸಾಲದ್ದಕ್ಕೆ ಮೇಷ್ಟ್ರು ತಂಗಿಯ ಹಾಳೆ ನೋಡಿ ನಗುತ್ತಿದ್ದರು, ಅಕ್ಕನದ್ದಕ್ಕೆ ಸಹಿ ಮಾತ್ರ ಹಾಕುತ್ತಿದ್ದರು. ಈಗ ಸರ್ಕಾರವೂ ಅದೇ ಮೇಷ್ಟ್ರಾಯಿತು ಎಂದು ಅಕ್ಕ ಪಾತ್ರೆ ಉಜ್ಜುತ್ತ ಉಜ್ಜುತ್ತ ಅಂದುಕೊಂಡಳು. ಉಜ್ಜಿದ ರಭಸಕ್ಕೆ ಬಾಣಲೆಯ ತಳ ಬೆಳ್ಳಗಾಯಿತು.

ನಗು ಮುಗಿದ ಮೇಲೆ ತಂಗಿ ಎರಡು ಸುದ್ದಿ ಹೇಳಿದಳು. ಒಂದು, ಕರ್ಚೀಫಿನವನು ಕಳಿಸಿದ ಫೋಟೊವನ್ನು ಮೇಲಿನ ಕಚೇರಿ ವಾಪಸು ಮಾಡಿದೆ. ಅದರಲ್ಲಿ ಅರ್ಧ ಕರ್ಚೀಫು, ಒಂದು ಗೆಡ್ಡೆ, ಉಳಿದದ್ದು ಆಕಾಶ. ಹಾಗಾಗಿ ಗುರುವಾರ ಬೇರೊಬ್ಬ ಅಧಿಕಾರಿ ಬಂದು ಹೊಲ ಮತ್ತೆ ನೋಡುತ್ತಾರೆ, ಅವರು ಬರೆದದ್ದೇ ಕೊನೆ. ಎರಡು, ಪರಿಹಾರ ಬಂದರೆ ಅವಳು ಒಂದು ಹಳೆಯ ಟಿಲ್ಲರ್ ಕೊಳ್ಳುತ್ತಾಳೆ, ನೋಡಿಟ್ಟೂ ಆಗಿದೆ.

"ಇನ್ಮೇಲೆ ನಿನ್ನ ಟಿಲ್ಲರ್‌ಗೂ ರೆಸ್ಟು, ನಿನ್ನ ಬಾಯಿಗೂ ರೆಸ್ಟು ಕಣಕ್ಕ," ಅಂದಳು.

ಭಾವ ಅದಕ್ಕೂ ನಕ್ಕ. ವರ್ಷಕ್ಕೆ ಆರೇಳು ಸಲ ತಂಗಿ ಟಿಲ್ಲರ್ ಕೇಳಲು ಬರುತ್ತಿದ್ದಳು. ಪ್ರತಿ ಸಲವೂ ಅಕ್ಕ ಸ್ವಲ್ಪ ಗೊಣಗಿ, ಎಣ್ಣೆ ನೋಡಿ, ಬ್ಲೇಡು ಒರೆಸಿ, ಹತ್ತು ಬುದ್ಧಿಮಾತು ಹೇಳಿ ಕೊಡುತ್ತಿದ್ದಳು. ಅದೊಂದು ಕಾಟವೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಅದು ನಿಂತುಹೋಗುತ್ತದೆ ಎಂದಾಗ ಮಾತ್ರ ಆಗಲೇ ಬೆಳ್ಳಗಾಗಿದ್ದ ಬಾಣಲೆಯನ್ನು ಅವಳು ಮತ್ತೆ ಉಜ್ಜಲು ತೆಗೆದುಕೊಂಡಳು.

ಬುಧವಾರ ಬೆಳಿಗ್ಗೆ ತಂಗಿ ಪಟ್ಟಣಕ್ಕೆ ಹೊರಟಳು. ಅಲ್ಲಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಗಂಡನ ಹತ್ತಿರ ಅವಳ ಅತ್ತೆ ಇದ್ದರು. ಅವರಿಗೆ ಆ ದಿನ ಕಣ್ಣಿನ ಆಪರೇಷನ್. ಗುರುವಾರ ಮೊದಲ ಬಸ್ಸಿಗೇ ವಾಪಸು ಬರುತ್ತೇನೆ ಅಂದಳು. ಮನೆಯ ಬೀಗದಕೈಯನ್ನು ಅಕ್ಕನ ಕೈಗೆ ಹಾಕಿ, ಕೋಳಿಗೆ ಕಾಳು, ಬೆಕ್ಕಿಗೆ ಹಾಲು ಎಂದೆಲ್ಲ ಹೇಳಿ, ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ, "ಹೊಲದ ಕಡೆನೂ ಒಂದು ಕಣ್ಣಿಟ್ಟಿರಕ್ಕ," ಅಂದಳು.

ಅಕ್ಕ ಇಟ್ಟಳು. ಬದುವಿನ ಮೇಲೆ ನಿಂತು ಅರ್ಧ ಗಂಟೆ ಇಟ್ಟಳು. ಆ ಕಡೆ ಕಪ್ಪುಗಟ್ಟಿ ಕುಸಿದ ಗೆಡ್ಡೆಗಳ ಸಾಲು. ಸಾಲೂ ಅಲ್ಲ, ನೆಡುವಾಗಲೇ ತಂಗಿ ಹಾವು ಹರಿದಂತೆ ನೆಟ್ಟಿದ್ದಳು. ನೊಣಗಳ ಝೇಂಕಾರ ಕೇಳುತ್ತಿತ್ತು. ಪಾಪ, ಅತ್ತೆಯ ಆಪರೇಷನ್ ಬೇರೆ, ಒಬ್ಬಳೇ ಎಷ್ಟು ಅಂತ ಮಾಡುತ್ತಾಳೆ ಎಂಬ ಮಾತು ಅಕ್ಕನ ಮನಸ್ಸಿಗೆ ತಾನಾಗಿ ಬಂತು. ಅದು ಎಷ್ಟು ಒಳ್ಳೆಯ ಮಾತಾಗಿತ್ತೆಂದರೆ, ಅದರ ಬೆನ್ನಿಗೆ ಬಂದ ಇನ್ನೊಂದನ್ನು ಅವಳು ತಿರುಗಿ ನೋಡಲಿಲ್ಲ. ನಾಳೆ ಬರುವ ಅಧಿಕಾರಿಗೆ ಇಲ್ಲಿ ಹಸನಾದ ಹೊಲ ಕಾಣುತ್ತದೆ. ಅಕ್ಕ ತಂಗಿಯ ಹೊಲ ಹಸನು ಮಾಡಿದ್ದಾಳೆ. ಇದರಲ್ಲಿ ತಪ್ಪು ಹುಡುಕುವ ಬಾಯಿ ಯಾವುದು?

ಅವಳು ಟಿಲ್ಲರ್ ಇಳಿಸಿದಳು.

ಮನೆಯ ಹತ್ತಿರದ ಮೂಲೆಯಿಂದ ಶುರು ಮಾಡಿದಳು. ಬ್ಲೇಡಿಗೆ ಸಿಕ್ಕ ಗೆಡ್ಡೆಗಳು ಪಚಕ್ ಎಂದು ಸಿಡಿದು ಕಾಲಿಗೆ, ಸೆರಗಿಗೆ, ಒಮ್ಮೆ ತುಟಿಗೂ ಹಾರಿದವು. ಅವಳು ಮುಖ ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಹಾಲಿನ ಹೆಂಗಸು ಕ್ಯಾನು ಇಳಿಸಿ ಬೇಲಿಯ ಆಚೆ ನಿಂತು ನೋಡಿದಳು. ಒಡಹುಟ್ಟಿದವರು ಅಂದರೆ ಹೀಗಿರಬೇಕು, ನನ್ನ ಅಕ್ಕನೂ ಇದ್ದಾಳೆ, ಹಾಲಿಗೆ ನೀರು ಹಾಕಿದೆ ಅಂತ ನನ್ನ ಗಿರಾಕಿಗಳಿಗೇ ಚಾಡಿ ಹೇಳುವವಳು ಎಂದು ಗಟ್ಟಿಯಾಗಿ ಹೇಳಿಹೋದಳು. ಹೊಗಳಿಕೆ ಅಕ್ಕನ ಬೆನ್ನಿಗೆ ಬಿಸಿಲಿನ ಹಾಗೆ ತಾಗಿತು. ಅವಳು ಟಿಲ್ಲರ್‌ನ ವೇಗ ಹೆಚ್ಚಿಸಿದಳು.

ಹತ್ತು ಗಂಟೆಯ ಹೊತ್ತಿಗೆ ಸರಿಯಾಗಿ ಅರ್ಧ ಮುಗಿದಿತ್ತು. ಕೋಸಿನ ನಾರು ಬ್ಲೇಡಿಗೆ ಸುತ್ತಿಕೊಂಡು ಟಿಲ್ಲರ್ ನಿಂತಿತು. ಅವಳು ಮಂಡಿಯೂರಿ ನಾರು ಬಿಡಿಸುತ್ತಿರುವಾಗ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ತಂಗಿ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು, ಹಿಂದೆ ಯಾರದೋ ಹೆಸರು ಕೂಗುತ್ತಿದ್ದರು.

"ಅಕ್ಕ, ಆ ಅಧಿಕಾರಿ ಮೇಡಂ ಇವತ್ತೇ ಬರ್ತಾರಂತೆ, ಈಗ್ಲೇ ಹೊರಟಿದಾರಂತೆ. ನೀನೇ ನಿಂತು ತೋರಿಸ್ಬಿಡು. ನಾನಿದ್ರೂ ಏನ್ ಹೇಳ್ತಿದ್ದೆ ಬಿಡು, ಹಲ್ಲು ಕಿರೀತಿದ್ದೆ. ನೀನು ಹೇಳಿದ್ರೆ ಸರ್ಕಾರನೂ ನಂಬುತ್ತೆ."

ಅಕ್ಕ ಹೂಂ ಅಂದಳು. ಫೋನು ಕೆಳಗಿಟ್ಟು ತಿರುಗಿ ನೋಡಿದಳು. ಅರ್ಧ ಹೊಲ ಬಾಚಿ ಹೆಣೆದ ಜಡೆಯ ಹಾಗೆ, ಇನ್ನರ್ಧ ತಲೆಗೆದರಿದ ಹಾಗೆ. ಉಳಿದರ್ಧ ಮುಗಿಸಲು ಹೊತ್ತಿರಲಿಲ್ಲ. ಉತ್ತದ್ದನ್ನು ಮೊದಲಿನ ಹಾಗೆ ಮಾಡುವ ಯಂತ್ರ ಇನ್ನೂ ಬಂದಿರಲಿಲ್ಲ. ಅವಳು ಟಿಲ್ಲರನ್ನು ತಳ್ಳಿಕೊಂಡು ಹೋಗಿ ತನ್ನ ಮನೆಯ ಹಿಂದೆ ನಿಲ್ಲಿಸಿ, ಮೇಲೊಂದು ಗೋಣಿ ಹೊದಿಸಿದಳು.

ಅಧಿಕಾರಿ ಮೊಣಕಾಲುವರೆಗಿನ ರಬ್ಬರ್ ಬೂಟು ಹಾಕಿದ್ದ ತೆಳ್ಳನೆಯ ಹೆಂಗಸು. ಮೂಗಿನ ಹತ್ತಿರಕ್ಕೂ ಕೈ ಒಯ್ಯದೆ ನೇರವಾಗಿ ಕೊಳೆತ ಸಾಲಿಗೆ ಇಳಿದಳು. ಬಗ್ಗಿ ಒಂದು ಗೆಡ್ಡೆಯನ್ನು ಬೆರಳಿನಿಂದ ಬಿಡಿಸಿದಳು, ಅಳತೆ ಟೇಪು ಹಿಡಿದಳು, ಎಂಟು ದಿಕ್ಕಿನಿಂದ ಎಂಟು ಫೋಟೊ ತೆಗೆದಳು. ಮಾತು ಕಡಿಮೆ. ಮಾಲೀಕರು ನೀವಾ ಎಂದು ಕೇಳಿದಳು. ಅಕ್ಕ, ನಾನು ಅವಳ ಅಕ್ಕ ಅಂದಳು. ಆಮೇಲೆ ಅಧಿಕಾರಿ ಉತ್ತ ಅರ್ಧದ ಅಂಚಿಗೆ ಬಂದು ನಿಂತಳು. ಪೆನ್ನಿನ ಹಿಂದಿನ ತುದಿ ಕಚ್ಚಿಕೊಂಡು ಮಣ್ಣು ನೋಡಿದಳು.

"ಈ ಅರ್ಧ ಏನೂ ಹಾಕ್ದೆ ಪಾಳು ಬಿಟ್ಟಿದ್ರಾ?"

ಪ್ರಶ್ನೆಯಲ್ಲೇ ಉತ್ತರವಿತ್ತು. ಅಕ್ಕ ಬಾಯಿ ಬಿಡಬೇಕಾಗಿಯೂ ಇರಲಿಲ್ಲ. ಹೌದೆಂದು ತಲೆ ಸ್ವಲ್ಪ ಕೆಳಗೆ ಮಾಡಿದ್ದರೆ ಸಾಕು, ಪರಿಹಾರ ಅರ್ಧಕ್ಕೆ ಇಳಿಯುತ್ತಿತ್ತು, ಅರ್ಧ ಪರಿಹಾರಕ್ಕೆ ಯಾರೂ ಟಿಲ್ಲರ್ ಕೊಡುವುದಿಲ್ಲ. ತಂಗಿ ಮತ್ತೆ ಎಣ್ಣೆ ನೋಡಿಸಿಕೊಂಡು, ಬುದ್ಧಿಮಾತು ಕೇಳಿಸಿಕೊಂಡು, ನಾಳೆ ತಂದುಕೊಡ್ತೀನಿ ಎನ್ನುತ್ತ ಬರುತ್ತಿದ್ದಳು. ಅಕ್ಕನ ತಲೆ ಕೆಳಗೆ ಹೊರಟಿತ್ತು ಕೂಡ. ಆಗ ಕಣ್ಣು ಮಣ್ಣಿನ ಮೇಲೆ ಬಿತ್ತು. ಒಂದೇ ಆಳ, ಒಂದೇ ಅಗಲ, ಒಂದು ಹೆಂಟೆ ಇನ್ನೊಂದಕ್ಕಿಂತ ದೊಡ್ಡದಿಲ್ಲ. ಬೆಳಗಿನಿಂದ ಅವಳು ಸೊಂಟ ಮುರಿದು ದುಡಿದದ್ದು ಅಲ್ಲಿ ಬಿದ್ದಿತ್ತು. ಪಾಳು ಎಂಬ ಮಾತು ಕೇಳಿ ಅನ್ನದಲ್ಲಿ ಕಲ್ಲು ಕಚ್ಚಿದ ಹಾಗಾಯಿತು.

"ಪಾಳಲ್ಲ," ಅಂದಳು. "ಪಾಳು ಬಿದ್ದ ನೆಲ ಹೀಗಿರುತ್ತೇನ್ರೀ? ಇದು ನಾನು ಉತ್ತಿದ್ದು. ಇವತ್ತು ಬೆಳಿಗ್ಗೆ."

"ಇವತ್ತು?"

"ಹೂಂ."

"ನಾವು ಬರೋದು ಗೊತ್ತಿತ್ತಲ್ವಾ ನಿಮಗೆ?"

ಅಕ್ಕ ತನ್ನ ಕಾಲಿಗೆ ಅಂಟಿದ್ದ ಒಣಗಿದ ಲೋಳೆಯನ್ನು ಇನ್ನೊಂದು ಕಾಲಿನ ಬೆರಳಿನಿಂದ ಕೆರೆದಳು. ನಾಳೆ ಬರ್ತೀರಿ ಅಂತ ಗೊತ್ತಿತ್ತು ಅಂದಳು. ಅಧಿಕಾರಿ ಅವಳ ಮುಖವನ್ನು ಸ್ವಲ್ಪ ಹೊತ್ತು, ಆಗಲೇ ಗೆಡ್ಡೆಯನ್ನು ನೋಡಿದ ಹಾಗೆಯೇ, ನೋಡಿದಳು. ಕೆದಕಲಿಲ್ಲ. ಉತ್ತದ್ದು ನಿಜವಾದರೆ ಬುಡ ಮಣ್ಣಲ್ಲೇ ಇರಬೇಕು, ಒಂದು ಬುಡಕ್ಕೆ ಒಂದು ಗಿಡ, ತೆಗೆದು ತೋರಿಸಿ ಅಂದಳು.

ಅಕ್ಕ ಕುಕ್ಕರುಗಾಲಲ್ಲಿ ಕೂತಳು. ಗುದ್ದಲಿ ತರಲು ಹೋಗಲಿಲ್ಲ, ಕೈಯನ್ನೇ ಹಾಕಿದಳು. ಬೆಳಿಗ್ಗೆ ಹೂತದ್ದೆಲ್ಲ ಮೇಲೆ ಬರತೊಡಗಿತು. ಒಂದು ಬುಡ, ಇನ್ನೊಂದು ಬುಡ, ಬ್ಲೇಡು ತಾಗಿ ಸೀಳಿದ ಮತ್ತೊಂದು. ಕೊಳೆತ ಎಲೆ ಉಗುರಿನ ಸಂದಿ ತುಂಬಿತು. ಒಂದು ಸಾಲು ಪೂರ್ತಿ ತೆಗೆಯಿರಿ, ಉಳಿದದ್ದನ್ನು ಗುಣಿಸಿಕೊಳ್ಳುತ್ತೇನೆ ಎಂದು ಅಧಿಕಾರಿ ಬದುವಿನ ಮೇಲೆ ಕೂತಳು. ಸಾಲೆಂದರೆ ತಂಗಿ ನೆಟ್ಟ ಸಾಲು. ಎಲ್ಲಿ ಅಗೆದರೆ ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲ. ಅಕ್ಕ ಮನಸ್ಸಿನಲ್ಲೇ ತಂಗಿಯನ್ನು ಬೈಯುತ್ತ, ಆ ಕಡೆ ಈ ಕಡೆ ತಡಕಿ ತಡಕಿ, ಒಂದನ್ನೂ ಬಿಡದೆ ತೆಗೆದಳು. ಮೂವತ್ತೊಂದು ಸಿಕ್ಕವು. ಅವನ್ನು ಅವಳು ಅಧಿಕಾರಿಯ ಕಾಲ ಬಳಿ ಜೋಡಿಸಿಟ್ಟಿದ್ದ ರೀತಿ ನೋಡಿ ಬೂಟಿನ ಹೆಂಗಸು ಮೊದಲ ಸಲ ಸ್ವಲ್ಪ ನಕ್ಕಳು. ಅಂಗಡಿಯಲ್ಲಿ ಮಾರಲಿಟ್ಟ ಹಾಗಿದೆ ಅಂದಳು. ಫೋಟೊ ತೆಗೆದು, ಕಾಗದದಲ್ಲಿ ಪೂರ್ತಿ ಎಂದು ಬರೆದಳು.

ಎದ್ದು ನಿಂತವಳ ಕಣ್ಣು ಬದುವಿನ ಈಚೆ ಹೊರಳಿತು. ಬೀನ್ಸ್ ಗೇಣುದ್ದ ಬೆಳೆದು ಬಳ್ಳಿ ಬಿಡಲು ಕಡ್ಡಿ ಹುಡುಕುತ್ತಿತ್ತು.

"ಇದು ಯಾರದ್ದು?"

"ನಂದು."

"ಇಲ್ಲಿ ಆಲಿಕಲ್ಲು ಬೀಳ್ಲಿಲ್ವಾ?"

ಈ ಒಂದು ಪ್ರಶ್ನೆಯನ್ನು ಕೇಳುವವರಿಗಾಗಿ ಅಕ್ಕ ಹತ್ತು ದಿನ ಕಾದಿದ್ದಳು. ಉತ್ತರವನ್ನು ಅಂಚು ಬಿಟ್ಟು, ಅಡಿಗೆರೆ ಹಾಕಿ ಮನಸ್ಸಿನಲ್ಲಿ ಬರೆದಿಟ್ಟಿದ್ದಳು. ಈಗ ಬಾಯಿಗೆ ಬಂದದ್ದು ಒಂದೇ ಪದ. ಬಿತ್ತು ಅಂದಳು.

ಇನ್ನೂ ಅವಕಾಶವಿದೆ ಎಂದು ಅಧಿಕಾರಿ ಹೇಳಿದಳು. ಮರುಪರಿಶೀಲನೆಯಲ್ಲಿ ಹೊಸ ಹೆಸರು ಸೇರಿಸುವ ಅಧಿಕಾರ ತನಗಿದೆ. ಹತ್ತು ಬುಡ ಸಿಕ್ಕರೆ ಸಾಕು. ಸಸಿ ಒಂದಷ್ಟು ಹಾಳಾಗುತ್ತವೆ, ಅದು ನಿಮ್ಮಿಷ್ಟ ಅಂದು ಗಡಿಯಾರ ನೋಡಿಕೊಂಡಳು.

ಅಲ್ಲಿ ಬುಡವಿಲ್ಲವೆಂದು ಅಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೊಂದನ್ನೂ ಅವಳೇ ಆಯ್ದಿದ್ದಳು, ಅವಳೇ ಸುಟ್ಟಿದ್ದಳು, ಬೂದಿಯನ್ನೂ ಗುಡಿಸಿ ನೆಲಕ್ಕೆ ಚೆಲ್ಲಿದ್ದಳು. ಆದರೂ ಅವಳು ತನ್ನ ಹೊಲಕ್ಕೆ ಇಳಿದಳು. ಒಂದಾದರೂ ಕೈ ತಪ್ಪಿರಬಾರದೇ? ಅಷ್ಟು ಸಾವಿರದಲ್ಲಿ ಒಂದಾದರೂ ಕಣ್ಣಿಗೆ ಬೀಳದೆ ಉಳಿದಿರಬಾರದೇ? ಮೊದಲ ಸಾಲಿನ ಮೊದಲ ಸಸಿಯ ಸುತ್ತ ಬೆರಳು ಇಳಿಸಿ, ಮಣ್ಣು ಸಮೇತ ಎತ್ತಿ, ಎಡಗೈಯಲ್ಲಿ ಹಿಡಿದುಕೊಂಡಳು. ಬಲಗೈಯನ್ನು ಮಣಿಕಟ್ಟಿನವರೆಗೆ ಗುಂಡಿಯೊಳಗೆ ಹಾಕಿದಳು. ಒಳಗೆ ಮಣ್ಣು ಬೆಚ್ಚಗಿತ್ತು, ಪುಡಿಪುಡಿಯಾಗಿತ್ತು. ಇನ್ನೂ ಆಳಕ್ಕೆ ಹಾಕಿದಳು. ಒಂದು ಎರೆಹುಳು ಬೆರಳಿಗೆ ಸುತ್ತಿ ಜಾರಿಹೋಯಿತು. ಹಿಡಿಯಷ್ಟು ತೆಗೆದು ಮೂಗಿಗೆ ಹಿಡಿದಳು; ಮಣ್ಣಿನದೇ ವಾಸನೆ.

"ಸಿಕ್ತಾ?" ಅಧಿಕಾರಿ ಬದುವಿನಿಂದ ಕೇಳಿದಳು.

"ಇಲ್ಲ."

"ಇನ್ನೊಂದು ಕಡೆ ನೋಡ್ತೀರಾ?"

ಅಕ್ಕ ಬಗ್ಗಿದಲ್ಲಿಂದಲೇ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಬೇಡ ಅಂದಳು. ಅಧಿಕಾರಿ ಕಾಗದ ಮಡಿಸಿಕೊಂಡು, ಬೂಟಿನ ಮಣ್ಣನ್ನು ಹುಲ್ಲಿಗೆ ಒರೆಸಿ ಹೊರಟುಹೋದಳು.

ಜೀಪಿನ ಸದ್ದು ತಿರುವಿನಲ್ಲಿ ಅಡಗುವ ಮೊದಲೇ ಫೋನು ಮತ್ತೆ ಹೊಡೆದುಕೊಂಡಿತು. ಸಸಿ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಅಕ್ಕ ಇನ್ನೊಂದರಲ್ಲಿ ಅದನ್ನು ತೆಗೆದಳು. ಅತ್ತೆಯ ಕಣ್ಣು ಚೆನ್ನಾಗಿದೆ, ಪಟ್ಟಿ ಬಿಚ್ಚುವ ಮೊದಲೇ ನನ್ನನ್ನು ಬೈಯಲು ಶುರು ಮಾಡಿದ್ದಾರೆ ಎಂದು ತಂಗಿ ಅತ್ತೆಯ ದನಿಯಲ್ಲೇ ಹೇಳಿ ತಾನೇ ನಕ್ಕು, ಆಮೇಲೆ ಮೇಡಂ ಏನು ಬರೆದರೆಂದು ಕೇಳಿದಳು.

"ಪೂರ್ತಿ ಅಂತ ಬರ್ಕೊಂಡ್ರು."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ನೀನಿಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎಂದು ತಂಗಿ ಶುರು ಮಾಡಿದಳು. ಅಕ್ಕ ನಡುವೆ ಬಾಯಿ ಹಾಕಿದಳು.

"ಅರ್ಧ ಹೊಲ ಉತ್ತಿದೀನಿ."

"ಯಾವಾಗ?"

"ಬೆಳಿಗ್ಗೆ. ನೀನು ಹೋದ್ಮೇಲೆ."

ಫೋನಿನ ಆ ಕಡೆ ಆಸ್ಪತ್ರೆಯಲ್ಲಿ ಯಾರದೋ ಹೆಸರನ್ನು ಮೂರು ಸಲ ಕೂಗಿದರು, ಯಾರೋ ಬಂದೆ ಬಂದೆ ಅಂದರು. ನಾತ ಬರುತ್ತಿತ್ತು, ಅದಕ್ಕೇ ಉತ್ತೆ ಎಂದು ಹೇಳಲು ಅಕ್ಕ ತುಟಿ ತೆರೆದಳು. ಮಾತು ಸಿದ್ಧವಾಗಿಯೇ ಇತ್ತು. ಅದನ್ನು ಅಲ್ಲೇ ಬಿಟ್ಟಳು.

"ಸರಿ ಅಕ್ಕ," ಅಂದಳು ತಂಗಿ, ತನ್ನದೇ ದನಿಯಲ್ಲಿ. "ನಾಳೆ ಬರ್ತೀನಿ."

ಬಿಸಿಲು ಏರಿತ್ತು. ಅಂಗೈಯಲ್ಲಿದ್ದ ಸಸಿಯ ಎಲೆಗಳು ಇಳಿಬೀಳತೊಡಗಿದ್ದವು. ಅಕ್ಕ ಅದನ್ನು ಗುಂಡಿಗೆ ಇಳಿಸಿ, ಸುತ್ತ ಮಣ್ಣು ಎಳೆದು, ಎರಡು ಹೆಬ್ಬೆರಳಿನಿಂದ ಒತ್ತಿದಳು. ಕೊಳವೆಯಿಂದ ಬೊಗಸೆಯಲ್ಲಿ ನೀರು ತಂದು ಬುಡಕ್ಕೆ ಹನಿಸಿದಳು. ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅದು ಸಾಲಿನಿಂದ ನಾಲ್ಕು ಬೆರಳು ಆಚೆಗೆ, ಸ್ವಲ್ಪ ವಾಲಿ ನಿಂತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತ ನಿಂತಳು. ಸರಿಪಡಿಸಲು ಬಗ್ಗಲಿಲ್ಲ.